ದಾವೆಯ ಹಣಕ್ಕೆ ತೆರಿಗೆ: ರಾಜಿಪತ್ರದ ಒಂದು ಸಾಲಿನ ಬೆಲೆ

ವರ್ಷಗಟ್ಟಲೆ ಕೋರ್ಟಿಗೆ ಅಲೆದು ಕೊನೆಗೆ ರಾಜಿಯಾಗಿ ಪರಿಹಾರ ಪಡೆದವರಲ್ಲಿ ಅನೇಕರಿಗೆ ಅದರಲ್ಲೊಂದು ಪಾಲು ತೆರಿಗೆಗೆ ಹೋಗಬೇಕೆಂಬುದು ತಿಳಿಯುವುದು ರಿಟರ್ನ್ ಸಲ್ಲಿಸುವ ಹೊತ್ತಿಗೆ. ಅಷ್ಟರಲ್ಲಿ ರಾಜಿಪತ್ರಕ್ಕೆ ಸಹಿ ಬಿದ್ದಿರುತ್ತದೆ, ವಕೀಲರ ಫೀಸು ಕಳೆದಿರುತ್ತದೆ, ಉಳಿದದ್ದು ಹಳೆಯ ಸಾಲಗಳಿಗೆ ಹೋಗಿರುತ್ತದೆ. ತೆರಿಗೆ ಎಷ್ಟೆಂಬುದು ಮಾತ್ರ ಹಣ ಕೈಸೇರುವ ಮೊದಲೇ ಬಹುಮಟ್ಟಿಗೆ ತೀರ್ಮಾನವಾಗಿರುತ್ತದೆ. ದಾವೆಯಲ್ಲಿ ಏನು ಕೇಳಿದ್ದರು, ರಾಜಿಪತ್ರದಲ್ಲಿ ಏನೆಂದು ಬರೆದರು ಎಂಬುದರ ಮೇಲೆ ಅದು ನಿಂತಿದೆ. ಎರಡೂ ಕಾಗದಗಳನ್ನು ಬರೆಯುವಾಗ ತೆರಿಗೆಯ ಯೋಚನೆ ಯಾರ ತಲೆಯಲ್ಲೂ ಇರುವುದಿಲ್ಲ.

ಈ ವಿಷಯದಲ್ಲಿ ಹೆಚ್ಚಿನ ದೇಶಗಳ ಕಾನೂನು ಕೇಳುವ ಪ್ರಶ್ನೆ ಒಂದೇ: ಈ ಹಣ ಯಾವುದಕ್ಕೆ ಬದಲಾಗಿ ಬಂತು? ಅಮೆರಿಕದ ಮೇಲ್ಮನವಿ ನ್ಯಾಯಾಲಯವೊಂದು 1944ರಲ್ಲಿ ರೇಥಿಯಾನ್ ಕಂಪನಿಯ ಪ್ರಕರಣದಲ್ಲಿ ಇದನ್ನು ಸ್ಪಷ್ಟವಾಗಿ ಹೇಳಿತು. ದಾವೆ ಯಾವ ಕಾನೂನಿನಡಿ ಹೂಡಲಾಯಿತು ಎಂಬುದಕ್ಕಿಂತ, ಪರಿಹಾರ ತುಂಬಿಕೊಡುತ್ತಿರುವುದು ಏನನ್ನು ಎಂಬುದು ಮುಖ್ಯ. ಸಿಗಬೇಕಿದ್ದ ಸಂಬಳಕ್ಕೆ ಬದಲು ಬಂದದ್ದಾದರೆ ಅದು ಸಂಬಳದಂತೆಯೇ ತೆರಿಗೆಗೆ ಒಳಪಡುತ್ತದೆ. ತಪ್ಪಿಹೋದ ಲಾಭಕ್ಕೆ ಬದಲಾದರೆ ಲಾಭದಂತೆ. ಹಾಳಾದ ಆಸ್ತಿಗೆ ಬದಲಾದರೆ, ಆಸ್ತಿಗೆ ಹಾಕಿದ್ದ ಬಂಡವಾಳದಷ್ಟು ಹಣ ಆದಾಯವೇ ಅಲ್ಲ. ಅದಕ್ಕೂ ಮೀರಿ ಬಂದದ್ದು ಮಾತ್ರ ಲಾಭ. ರೇಥಿಯಾನ್ ಕಂಪನಿ ಈ ತತ್ತ್ವದಲ್ಲಿ ಗೆದ್ದರೂ ಹಣದಲ್ಲಿ ಸೋತಿತು ಎಂಬುದನ್ನು ಗಮನಿಸಬೇಕು. ಕಳೆದುಹೋದದ್ದು ತನ್ನ ವ್ಯಾಪಾರದ ಹೆಸರು ಎಂಬ ಅದರ ವಾದವನ್ನು ಕೋರ್ಟ್ ಒಪ್ಪಿತು. ಆದರೆ ಆ ಹೆಸರಿಗಾಗಿ ಎಷ್ಟು ಬಂಡವಾಳ ಹೂಡಿತ್ತು ಎಂಬುದಕ್ಕೆ ಕಂಪನಿಯ ಬಳಿ ಲೆಕ್ಕವಿರಲಿಲ್ಲ. ಹಾಗಾಗಿ ಇಡೀ ಮೊತ್ತಕ್ಕೆ ತೆರಿಗೆ ಬಿತ್ತು.

ಭಾರತದ ಸುಪ್ರೀಂ ಕೋರ್ಟ್ ಇದೇ ದಾರಿಯನ್ನು ತನ್ನದೇ ಪರಿಭಾಷೆಯಲ್ಲಿ ಸಾಗಿದೆ. 1964ರ ಕೆಟಲ್‌ವೆಲ್ ಬುಲ್ಲೆನ್ ಪ್ರಕರಣದಲ್ಲಿ, ಕರಾರು ಮುರಿದದ್ದರಿಂದ ವ್ಯಾಪಾರದ ಬುನಾದಿಗೇ ಪೆಟ್ಟು ಬಿದ್ದಿದ್ದರೆ ಆ ಪರಿಹಾರ ಬಂಡವಾಳ ಸ್ವೀಕೃತಿ (ಬಂಡವಾಳಕ್ಕೆ ಬದಲಾಗಿ ಬಂದ ಹಣ), ದಿನನಿತ್ಯದ ವಹಿವಾಟಿನಲ್ಲಿ ಆದ ನಷ್ಟಕ್ಕಾದರೆ ಅದು ಆದಾಯ ಎಂಬ ಗೆರೆ ಎಳೆಯಿತು. 2010ರಲ್ಲಿ ಸೌರಾಷ್ಟ್ರ ಸಿಮೆಂಟ್ ಪ್ರಕರಣದಲ್ಲಿ ಇದೇ ಗೆರೆ ಮತ್ತೆ ಬಂತು. ಕಾರ್ಖಾನೆಯ ಯಂತ್ರಗಳನ್ನು ತಡವಾಗಿ ಪೂರೈಸಿದವರು ಕರಾರಿನ ಪ್ರಕಾರ ಕೊಟ್ಟ ಪರಿಹಾರ, ಆದಾಯ ತರುವ ಸಾಧನವೇ ತಡವಾದದ್ದಕ್ಕೆ ಬಂದದ್ದು. ಆದ್ದರಿಂದ ಅದು ಬಂಡವಾಳ ಸ್ವೀಕೃತಿ, ಆದಾಯವಲ್ಲ ಎಂದಿತು.

ಇಲ್ಲಿಯವರೆಗೆ ಎಲ್ಲವೂ ನ್ಯಾಯವೆನಿಸುತ್ತದೆ. ಕಳೆದುಕೊಂಡದ್ದನ್ನು ಮರಳಿ ಪಡೆದವನು ಶ್ರೀಮಂತನಾಗುವುದಿಲ್ಲ, ಇದ್ದಲ್ಲಿಗೆ ಬಂದು ನಿಲ್ಲುತ್ತಾನೆ. ತೊಡಕು ಶುರುವಾಗುವುದು, ಕಳೆದದ್ದಕ್ಕೆ ಮಾರುಕಟ್ಟೆಯಲ್ಲಿ ಬೆಲೆಯೇ ಇಲ್ಲದಾಗ. ಮುರಿದ ಕಾಲು, ಹೋದ ಕಣ್ಣು, ಕೆಡಿಸಿದ ಮಾನ, ನಿದ್ದೆಯಿಲ್ಲದ ರಾತ್ರಿಗಳು. ಇವುಗಳಿಗೆ ಬಂದ ಹಣ ಆದಾಯವೇ?

ದೇಹಕ್ಕಾದ ಗಾಯದ ಮಟ್ಟಿಗೆ ಉತ್ತರ ಬಹುತೇಕ ಎಲ್ಲೆಡೆ ಒಂದೇ: ಅಲ್ಲ. ಅಮೆರಿಕದಲ್ಲಿ 1918ರಿಂದಲೂ ಈ ವಿನಾಯಿತಿ ಕಾನೂನಿನಲ್ಲಿದೆ. ಬ್ರಿಟನ್ನಿನಲ್ಲಿ ಗಾಯದ ಪರಿಹಾರಕ್ಕೆ ತೆರಿಗೆಯಿಲ್ಲ. ಭಾರತದಲ್ಲೂ ಅಪಘಾತದ ಸಾವು ನೋವಿಗೆ ಬಂದ ಮೂಲ ಪರಿಹಾರವನ್ನು ಆದಾಯವೆಂದು ಎಣಿಸುವುದಿಲ್ಲ. ಅಮೆರಿಕದ ವಿನಾಯಿತಿ ಇನ್ನೂ ಒಂದು ಹೆಜ್ಜೆ ಮುಂದಿದೆ. ದೇಹದ ಗಾಯದಿಂದ ದುಡಿಮೆ ನಿಂತು ಹೋಗಿದ್ದರೆ, ಆ ದುಡಿಮೆಗೆ ಬದಲಾಗಿ ಬಂದ ಹಣವೂ ವಿನಾಯಿತಿಯೊಳಗೇ ಬರುತ್ತದೆ. ಬ್ರಿಟನ್ನಿನ ನ್ಯಾಯಾಲಯಗಳು ಇದೇ ವಿಷಯವನ್ನು ಬೇರೆ ಬಗೆಯಲ್ಲಿ ನೋಡಿದವು. ಪರಿಹಾರಕ್ಕೆ ತೆರಿಗೆಯಿಲ್ಲದ ಮೇಲೆ, ಹೋದ ಸಂಬಳವನ್ನು ಲೆಕ್ಕ ಹಾಕುವಾಗಲೇ ಅದರ ಮೇಲೆ ಬೀಳಬೇಕಿದ್ದ ತೆರಿಗೆಯನ್ನು ಕಳೆಯಬೇಕು ಎಂದು 1955ರ ಗೌರ್ಲಿ ಪ್ರಕರಣ ಹೇಳಿತು. ಅಂದರೆ ತೆರಿಗೆಯ ಲಾಭ ಒಂದು ಕಡೆ ಗಾಯಾಳುವಿಗೆ, ಇನ್ನೊಂದು ಕಡೆ ಗಾಯ ಮಾಡಿದವನಿಗೆ ಅಥವಾ ಅವನ ವಿಮಾ ಕಂಪನಿಗೆ ಸಿಗುತ್ತದೆ. ಎರಡರಲ್ಲಿ ಗಾಯಾಳುವಿನ ಪರ ನಿಂತ ನಿಯಮವೇ ನನಗೆ ಸರಿಯೆನಿಸುತ್ತದೆ.

ದೇಹ ಬಿಟ್ಟು ಮನಸ್ಸಿನ ವಿಷಯಕ್ಕೆ ಬಂದರೆ ಅಮೆರಿಕದ ಕಾನೂನು ತೀರಾ ನಿರ್ದಯವಾಗುತ್ತದೆ. 1996ರವರೆಗೆ ಅಲ್ಲಿನ ವಿನಾಯಿತಿ ವ್ಯಕ್ತಿಗಾದ ಹಾನಿಗೆಲ್ಲ ಅನ್ವಯವಾಗುವಂತೆ ಓದಬಹುದಿತ್ತು. ಮಾನಹಾನಿ, ತಾರತಮ್ಯದ ಪ್ರಕರಣಗಳು ಅದರೊಳಗೆ ಬರುತ್ತವೆಯೇ ಎಂಬ ಬಗ್ಗೆ ಸುಪ್ರೀಂ ಕೋರ್ಟಿನವರೆಗೆ ವ್ಯಾಜ್ಯಗಳು ಹೋಗಿದ್ದವು. 1996ರಲ್ಲಿ ಸಂಸತ್ತು ‘ದೈಹಿಕ’ ಎಂಬ ಒಂದು ವಿಶೇಷಣ ಸೇರಿಸಿ ಬಾಗಿಲು ಮುಚ್ಚಿತು. ಆ ತಿದ್ದುಪಡಿಯ ಜೊತೆಗಿದ್ದ ಸಂಸದೀಯ ವರದಿ ನಿದ್ರಾಹೀನತೆ, ತಲೆನೋವು, ಹೊಟ್ಟೆಯ ತೊಂದರೆಗಳನ್ನೂ ಮಾನಸಿಕ ಯಾತನೆಯ ಲಕ್ಷಣಗಳೆಂದು ಕರೆದು ವಿನಾಯಿತಿಯಿಂದ ಹೊರಗಿಟ್ಟಿತು. ಮಾನಸಿಕ ಯಾತನೆಯ ಚಿಕಿತ್ಸೆಗೆ ಖರ್ಚು ಮಾಡಿದಷ್ಟು ಹಣಕ್ಕೆ ಮಾತ್ರ ವಿನಾಯಿತಿ ಉಳಿಯಿತು. ಅದೇ ಯಾತನೆ ದೇಹದ ಗಾಯದಿಂದ ಹುಟ್ಟಿದ್ದಾದರೆ ಪೂರ್ತಿ ವಿನಾಯಿತಿ.

ಇದರ ಪರಿಣಾಮ ನೋಡಿ. ಕಚೇರಿಯಲ್ಲಿ ಮೇಲಧಿಕಾರಿ ತಳ್ಳಿ ಕೈ ಮುರಿದವರಿಗೆ, ಆ ಘಟನೆಯಿಂದಾದ ಭಯ ಖಿನ್ನತೆಗಳ ಪರಿಹಾರವೂ ಸೇರಿ, ಬಂದದ್ದೆಲ್ಲ ತೆರಿಗೆಮುಕ್ತ. ಮೂರು ವರ್ಷ ಮಾತಿನಲ್ಲೇ ಹಿಂಸಿಸಿದ್ದರಿಂದ ಖಿನ್ನತೆಗೆ ಬಿದ್ದು ನಿದ್ದೆ ಕೆಟ್ಟು ಕೆಲಸ ಬಿಟ್ಟವರಿಗೆ ಬಂದದ್ದು ಬಹುಪಾಲು ಆದಾಯ. ಎರಡನೆಯವರ ನೋವು ಕಡಿಮೆಯೆಂದು ಇವತ್ತಿನ ಯಾವ ವೈದ್ಯರೂ ಹೇಳುವುದಿಲ್ಲ. ಹಾನಿ ನಿಜವೆಂದು ನ್ಯಾಯಾಲಯವೇ ಒಪ್ಪಿ ಹಣ ಕೊಡಿಸಿದ ಮೇಲೆ, ಅದನ್ನು ಹೊಸ ಸಂಪತ್ತೆಂದು ತೆರಿಗೆ ಇಲಾಖೆ ಕರೆಯುವುದಕ್ಕೆ ಸಮರ್ಥನೆ ನನಗೆ ಕಾಣುವುದಿಲ್ಲ. ಮಾನಸಿಕ ಯಾತನೆಯ ಹೆಸರಿನಲ್ಲಿ ಸಂಬಳದ ಬಾಕಿಯನ್ನು ಬಚ್ಚಿಡುತ್ತಾರೆ ಎಂಬ ಆತಂಕಕ್ಕೆ ಆಧಾರವಿಲ್ಲದಿಲ್ಲ. ಅದನ್ನು ತಡೆಯಲು ಸಾಕ್ಷ್ಯದ ನಿಯಮ ಬಿಗಿ ಮಾಡಬಹುದಿತ್ತು. ಒಂದು ಬಗೆಯ ನೋವನ್ನೇ ಲೆಕ್ಕದಿಂದ ತೆಗೆಯಬೇಕಾಗಿರಲಿಲ್ಲ.

ಈ ಪ್ರಶ್ನೆ ಒಮ್ಮೆ ಸಂವಿಧಾನದ ಮಟ್ಟಕ್ಕೂ ಹೋಯಿತು. ಕೆಲಸ ಮಾಡುವ ಕಡೆ ನಡೆಯುತ್ತಿದ್ದ ಅಕ್ರಮವನ್ನು ಬಯಲಿಗೆಳೆದು ಕಿರುಕುಳ ಅನುಭವಿಸಿದ ಮಹಿಳೆಯೊಬ್ಬರಿಗೆ 70,000 ಡಾಲರ್ ಪರಿಹಾರ ಸಿಕ್ಕಿತ್ತು: 45,000 ಮಾನಸಿಕ ಯಾತನೆಗೆ, 25,000 ವೃತ್ತಿಯ ಹೆಸರಿಗಾದ ಹಾನಿಗೆ. 2006ರ ಆಗಸ್ಟ್‌ನಲ್ಲಿ ವಾಷಿಂಗ್ಟನ್ ಮೇಲ್ಮನವಿ ನ್ಯಾಯಾಲಯದ ಪೀಠ ಇದು ಆದಾಯವೇ ಅಲ್ಲ, ಇದಕ್ಕೆ ತೆರಿಗೆ ಹಾಕುವುದು ಸಂವಿಧಾನಬಾಹಿರ ಎಂದಿತು. ಅದೇ ವರ್ಷಾಂತ್ಯದಲ್ಲಿ ಆ ತೀರ್ಪನ್ನು ತಾನೇ ಹಿಂತೆಗೆದುಕೊಂಡು, 2007ರ ಜುಲೈನಲ್ಲಿ ಅದೇ ಪೀಠ ತದ್ವಿರುದ್ಧ ತೀರ್ಪು ಕೊಟ್ಟಿತು. ಸುಪ್ರೀಂ ಕೋರ್ಟ್ ಪ್ರಕರಣವನ್ನು ಕೈಗೆತ್ತಿಕೊಳ್ಳಲಿಲ್ಲ.

ಬ್ರಿಟನ್ ಇಲ್ಲಿ ಭಿನ್ನ. ವ್ಯಕ್ತಿಗಾದ ಅನ್ಯಾಯ ಅಥವಾ ಹಾನಿಯ ಪರಿಹಾರಕ್ಕೆ ಬಂಡವಾಳ ಲಾಭ ತೆರಿಗೆಯಿಂದ ಇರುವ ವಿನಾಯಿತಿಯನ್ನು ಅಲ್ಲಿನ ತೆರಿಗೆ ಇಲಾಖೆಯೇ ವಿಶಾಲವಾಗಿ ಓದುತ್ತದೆ. ಮಾನಸಿಕ ಕ್ಲೇಶ, ಮುಜುಗರ, ಮಾನನಷ್ಟ ಎಲ್ಲವೂ ಅದರೊಳಗೆ ಬರುತ್ತವೆ. ಆದರೆ ಕೆಲಸದಿಂದ ತೆಗೆದ ಸಂದರ್ಭದ ಪಾವತಿಗಳಲ್ಲಿ 2018ರಿಂದ ಅಲ್ಲೂ ಬಿಗಿಯಾಗಿದೆ. ಮನೋರೋಗದ ಮಟ್ಟದ ಹಾನಿಗೆ ವಿನಾಯಿತಿ ಉಂಟು, ಭಾವನೆಗಳಿಗಾದ ನೋವಿಗೆ ಇಲ್ಲ. ಅಂಥ ಪಾವತಿಯ ಮೊದಲ 30,000 ಪೌಂಡ್‌ಗೆ ಮಾತ್ರ ಸಾಮಾನ್ಯ ರಿಯಾಯಿತಿ ಇದೆ.

ಇನ್ನು ದಂಡನಾತ್ಮಕ ಪರಿಹಾರ, ಅಂದರೆ ತಪ್ಪಿತಸ್ಥರಿಗೆ ಪಾಠ ಕಲಿಸಲು ಕೋರ್ಟ್ ಹೆಚ್ಚುವರಿಯಾಗಿ ಕೊಡಿಸುವ ಹಣ. 1955ರ ಗ್ಲೆನ್‌ಶಾ ಗ್ಲಾಸ್ ಪ್ರಕರಣದಿಂದ ಅಮೆರಿಕದಲ್ಲಿ ಇದು ಆದಾಯವೇ. ದೇಹದ ಗಾಯದ ಪ್ರಕರಣದಲ್ಲಿ ಬಂದರೂ ಅಷ್ಟೆ. ಇದರ ಬಗ್ಗೆ ನನಗೆ ತಕರಾರಿಲ್ಲ. ಇದು ಯಾವ ನಷ್ಟವನ್ನೂ ತುಂಬುವುದಿಲ್ಲ.

ವಕೀಲರ ಫೀಸಿನ ವಿಷಯ ಹಾಗಲ್ಲ. ಅಮೆರಿಕದಲ್ಲಿ ಸಾಮಾನ್ಯ ಜನ ದಾವೆ ಹೂಡುವುದು ಗೆದ್ದರೆ ಪಾಲು ಎಂಬ ಒಪ್ಪಂದದ ಮೇಲೆ. ವಕೀಲರ ಪಾಲು ಬಂದ ಹಣದ ಮೂರನೇ ಒಂದು ಭಾಗದಿಂದ ಶೇ 40ರವರೆಗೂ ಇರುತ್ತದೆ. ಎದುರಾಳಿ ಆ ಪಾಲನ್ನು ನೇರವಾಗಿ ವಕೀಲರಿಗೇ ಕೊಟ್ಟರೂ, ಕಕ್ಷಿದಾರರ ಕೈಗೆ ಅದರಲ್ಲಿ ಒಂದು ಕಾಸೂ ಬರದಿದ್ದರೂ, ತೆರಿಗೆಯ ದೃಷ್ಟಿಯಲ್ಲಿ ಅದು ಮೊದಲು ಕಕ್ಷಿದಾರರ ಆದಾಯ ಎಂದು 2005ರಲ್ಲಿ ಬ್ಯಾಂಕ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ತೀರ್ಮಾನಿಸಿತು. ಅದೇ ಹಣಕ್ಕೆ ವಕೀಲರೂ ತಮ್ಮ ಆದಾಯದಲ್ಲಿ ತೆರಿಗೆ ಕಟ್ಟುತ್ತಾರೆ. ಫೀಸನ್ನು ಖರ್ಚೆಂದು ಕಳೆಯಲು ಅವಕಾಶವಿದ್ದರೆ ಇದರಿಂದ ತೊಂದರೆಯಿಲ್ಲ. ಆ ಅವಕಾಶವೇ ಕುಗ್ಗುತ್ತ ಬಂದಿದೆ.

ತಾರತಮ್ಯ, ಉದ್ಯೋಗ ಸಂಬಂಧದ ದಾವೆ ಮತ್ತು ಕೆಲವು ಬಗೆಯ ಅಕ್ರಮ ಬಯಲಿಗೆಳೆದ ಪ್ರಕರಣಗಳಿಗೆ 2004ರ ಕಾನೂನು ಪೂರ್ತಿ ಕಡಿತ ಕೊಟ್ಟಿತು. ವ್ಯಾಪಾರದಿಂದ ಹುಟ್ಟಿದ ದಾವೆಯಾದರೆ ಫೀಸು ವ್ಯಾಪಾರದ ಖರ್ಚು. ದೇಹದ ಗಾಯದ ಪ್ರಕರಣದಲ್ಲಿ ಪರಿಹಾರವೇ ಆದಾಯವಲ್ಲದ್ದರಿಂದ ಪ್ರಶ್ನೆಯೇ ಏಳುವುದಿಲ್ಲ. ಉಳಿದವರು, ಅಂದರೆ ಮಾನಹಾನಿ, ಖಾಸಗಿತನದ ಉಲ್ಲಂಘನೆ, ಹೂಡಿಕೆಯ ವಂಚನೆಯಂಥ ದಾವೆ ಹೂಡಿದ ಸಾಮಾನ್ಯರು, ಮೊದಲು ‘ಇತರೆ ಖರ್ಚು’ಗಳ ಪಟ್ಟಿಯಲ್ಲಿ ಮಿತಿಗೊಳಪಟ್ಟು ಸ್ವಲ್ಪ ಕಳೆಯಬಹುದಿತ್ತು. 2017ರ ತೆರಿಗೆ ಕಾನೂನು 2018ರಿಂದ 2025ರವರೆಗೆ ಅದನ್ನು ಅಮಾನತಿನಲ್ಲಿಟ್ಟಿತು. 2025ರ ಜುಲೈನಲ್ಲಿ ಸಹಿಯಾದ ಕಾನೂನು ಅದನ್ನು ಶಾಶ್ವತವಾಗಿ ತೆಗೆದುಹಾಕಿತು.

ಲೆಕ್ಕ ಹಾಕಿದರೆ ಇದರ ತೂಕ ಗೊತ್ತಾಗುತ್ತದೆ. ಮಾನಹಾನಿ ಪ್ರಕರಣದಲ್ಲಿ 1,00,000 ಡಾಲರ್‌ಗೆ ರಾಜಿಯಾಯಿತು ಎನ್ನೋಣ. ವಕೀಲರ ಪಾಲು 40,000. ಕೈಗೆ ಬಂದದ್ದು 60,000. ತೆರಿಗೆ ಇಡೀ ಒಂದು ಲಕ್ಷದ ಮೇಲೆ. ಸರಾಸರಿ ಶೇ 20 ಎಂದು ಹಿಡಿದರೂ 20,000. ಉಳಿದದ್ದು 40,000. ಕೈಗೆ ಬಂದ ಹಣದಲ್ಲಿ ಮೂರನೇ ಒಂದು ಭಾಗ ತೆರಿಗೆಗೆ ಹೋಯಿತು. ಪರಿಹಾರ ಚಿಕ್ಕದು, ಫೀಸು ದೊಡ್ಡದು ಎಂಬ ಪ್ರಕರಣಗಳಲ್ಲಿ ಇದು ಇನ್ನೂ ವಿಪರೀತಕ್ಕೆ ಹೋಗುತ್ತದೆ. 50,000 ಡಾಲರ್ ಪರಿಹಾರದ ಜೊತೆ 3,00,000 ಡಾಲರ್ ಫೀಸನ್ನೂ ಎದುರಾಳಿ ಕಟ್ಟಬೇಕಾಗಿ ಬಂದರೆ, ಕಡಿತ ಸಿಗದ ದಾವೆಯಲ್ಲಿ ಮೂರೂವರೆ ಲಕ್ಷದ ಮೇಲಿನ ತೆರಿಗೆ ಆ 50,000ವನ್ನೂ ನುಂಗಿ ಇನ್ನಷ್ಟು ಕೇಳುತ್ತದೆ. ಗೆದ್ದವರು ತಮ್ಮ ಕೈಯಿಂದ ಹಣ ಹಾಕಬೇಕಾಗುತ್ತದೆ. ಆದಾಯ ಸಂಪಾದಿಸಲು ಮಾಡಿದ ಖರ್ಚನ್ನು ಕಳೆದೇ ತೆರಿಗೆ ಹಾಕಬೇಕು ಎಂಬುದು ಆದಾಯ ತೆರಿಗೆಯ ಮೂಲಪಾಠ. ಕಂಪನಿಗೆ ಸಿಗುವ ಆ ಹಕ್ಕು ವ್ಯಕ್ತಿಗೆ ಸಿಗದಿರುವುದು ತಪ್ಪು.

ಭಾರತದಲ್ಲಿ ಹೆಚ್ಚಿನ ಜಗಳ ನಡೆದಿರುವುದು ಬಡ್ಡಿಯ ಸುತ್ತ. ಅಪಘಾತ ಪರಿಹಾರ ನ್ಯಾಯಮಂಡಳಿ ಮೂಲ ಪರಿಹಾರದ ಜೊತೆ ಅರ್ಜಿ ಸಲ್ಲಿಸಿದ ದಿನದಿಂದ ಬಡ್ಡಿ ಕೊಡಿಸುತ್ತದೆ. ವ್ಯಾಜ್ಯ ಎಂಟು ಹತ್ತು ವರ್ಷ ಎಳೆದರೆ ಬಡ್ಡಿಯೇ ಮೂಲದ ಹತ್ತಿರಕ್ಕೆ ಬಂದು ನಿಲ್ಲುತ್ತದೆ. ಮೂಲಕ್ಕೆ ತೆರಿಗೆಯಿಲ್ಲ, ಬಡ್ಡಿಗೆ ಉಂಟು ಎಂಬುದು ಇಲಾಖೆಯ ನಿಲುವಾಗಿತ್ತು. ವರ್ಷಕ್ಕೆ 50,000 ರೂಪಾಯಿ ಮೀರಿದರೆ ವಿಮಾ ಕಂಪನಿ ಶೇ 10ರಷ್ಟು ಟಿಡಿಎಸ್ ಹಿಡಿಯುತ್ತಿತ್ತು. ಪಾನ್ ಇಲ್ಲದವರಿಗೆ ಶೇ 20. ದುಡಿಯುವವನನ್ನು ಕಳೆದುಕೊಂಡ ಕುಟುಂಬ, ತೆರಿಗೆಯ ಮಿತಿಯ ಹತ್ತಿರಕ್ಕೂ ಬಾರದ ಕುಟುಂಬ, ಆ ಹಣ ವಾಪಸು ಪಡೆಯಲು ರಿಟರ್ನ್ ಸಲ್ಲಿಸಬೇಕಿತ್ತು. ಸಲ್ಲಿಸದೆ ಬಿಟ್ಟರೆ ಹಣ ಹೋದಂತೆ.

ಹೈಕೋರ್ಟುಗಳು ಇದನ್ನು ಒಂದೇ ಬಗೆಯಲ್ಲಿ ನೋಡಲಿಲ್ಲ. 2019ರಲ್ಲಿ ಬಾಂಬೆ ಹೈಕೋರ್ಟ್, ಅರ್ಜಿಯ ದಿನದಿಂದ ತೀರ್ಪಿನ ದಿನದವರೆಗಿನ ಬಡ್ಡಿ ಪರಿಹಾರದ್ದೇ ಭಾಗ, ಅದು ಆದಾಯವಲ್ಲ ಎಂದಿತು. ಈ ತರ್ಕ ಗಟ್ಟಿಯಾದದ್ದು. ತೀರ್ಪು ಬರುವವರೆಗೆ ಯಾರೂ ಯಾರಿಗೂ ಸಾಲ ಕೊಟ್ಟಿಲ್ಲ. ಹತ್ತು ವರ್ಷದ ಹಿಂದೆಯೇ ಸಿಗಬೇಕಿದ್ದ ಹಣದ ಬೆಲೆ ಕುಸಿದದ್ದನ್ನು ತುಂಬಲು ಬಡ್ಡಿ ಎಂಬ ಅಳತೆಗೋಲು ಬಳಸಿದ್ದಾರೆ ಅಷ್ಟೆ. ಕಡೆಗೆ 2026ರ ಫೆಬ್ರುವರಿ 1ರ ಬಜೆಟ್ ಭಾಷಣದಲ್ಲಿ ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್, ಅಪಘಾತ ನ್ಯಾಯಮಂಡಳಿ ವ್ಯಕ್ತಿಗಳಿಗೆ ಕೊಡಿಸುವ ಬಡ್ಡಿಗೆ ತೆರಿಗೆ ವಿನಾಯಿತಿ ನೀಡುವ, ಅದರ ಮೇಲಿನ ಟಿಡಿಎಸ್ ತೆಗೆಯುವ ಪ್ರಸ್ತಾವ ಪ್ರಕಟಿಸಿದರು. ದಶಕಗಳ ಹಿಂದೆಯೇ ಆಗಬೇಕಿದ್ದ ಕೆಲಸ.

ಭೂಸ್ವಾಧೀನದ ಬಡ್ಡಿಯ ಕಥೆ ಇನ್ನೂ ಗೋಜಲು. ಹೆಚ್ಚುವರಿ ಪರಿಹಾರಕ್ಕಾಗಿ ರೈತರು ಕೋರ್ಟಿಗೆ ಹೋದಾಗ ಸಿಗುವ ಬಡ್ಡಿ ವರ್ಷ ವರ್ಷಕ್ಕೂ ಹುಟ್ಟುತ್ತದೆ, ಆಯಾ ವರ್ಷದ ಆದಾಯಕ್ಕೆ ಸೇರುತ್ತದೆ ಎಂದು 1990ರಲ್ಲಿ ರಾಮಾ ಬಾಯಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತ್ತು. 2009ರ ಘನಶ್ಯಾಮ್ ಪ್ರಕರಣದಲ್ಲಿ, ಹಳೆಯ ಭೂಸ್ವಾಧೀನ ಕಾಯ್ದೆಯ 28ನೇ ಸೆಕ್ಷನ್ನಿನ ಬಡ್ಡಿ (ಕೋರ್ಟ್ ಹೆಚ್ಚಿಸಿದ ಪರಿಹಾರದ ಮೇಲಿನದು) ಪರಿಹಾರದ ಭಾಗವೇ, 34ನೇ ಸೆಕ್ಷನ್ನಿನದು (ಪರಿಹಾರ ಪಾವತಿ ತಡವಾದದ್ದಕ್ಕೆ ಕೊಡುವುದು) ಮಾತ್ರ ನಿಜವಾದ ಬಡ್ಡಿ ಎಂದು ವಿಂಗಡಿಸಿತು. ಅದೇ ವರ್ಷದ ಹಣಕಾಸು ಕಾಯ್ದೆ ಪರಿಹಾರದ ಮೇಲಿನ ಬಡ್ಡಿಯನ್ನು ಕೈಗೆ ಬಂದ ವರ್ಷದ ಆದಾಯವೆಂದು ಮಾಡಿ, ಅದರ ಅರ್ಧವನ್ನು ಕಡಿತವಾಗಿ ಕೊಟ್ಟಿತು. ಆಮೇಲೆ 28ನೇ ಸೆಕ್ಷನ್ನಿನ ಬಡ್ಡಿ ಯಾವ ಪೆಟ್ಟಿಗೆಗೆ ಸೇರಬೇಕೆಂಬ ಜಗಳ ಹೈಕೋರ್ಟುಗಳಲ್ಲಿ ಮುಂದುವರಿಯಿತು. ಮೂಲ ಪರಿಹಾರದ ವಿಷಯ ಇದಕ್ಕಿಂತ ಸರಳ. 2013ರ ಭೂಸ್ವಾಧೀನ ಕಾಯ್ದೆಯ 96ನೇ ಸೆಕ್ಷನ್ ಅದಕ್ಕೆ ಆದಾಯ ತೆರಿಗೆಯಿಂದ ವಿನಾಯಿತಿ ಕೊಡುತ್ತದೆ, ಕೇಂದ್ರ ನೇರ ತೆರಿಗೆ ಮಂಡಳಿ 2016ರ 36ನೇ ಸುತ್ತೋಲೆಯಲ್ಲಿ ಅದನ್ನು ಖಚಿತಪಡಿಸಿದೆ.

ಹತ್ತು ವರ್ಷದ ಹಣ ಒಂದೇ ವರ್ಷದಲ್ಲಿ ಬಂದು ಮೇಲಿನ ದರದ ಹಂತಕ್ಕೆ ಏರಿಸುವುದು ಎಲ್ಲ ದೇಶಗಳಲ್ಲೂ ಕಾಡುವ ತೊಂದರೆ. ಭಾರತದಲ್ಲಿ ಸಂಬಳದ ಹಿಂಬಾಕಿಗೆ ಹಳೆಯ ಕಾಯ್ದೆಯ 89ನೇ ಸೆಕ್ಷನ್ ಪರಿಹಾರ ಕೊಡುತ್ತಿತ್ತು. ಬಾಕಿಯನ್ನು ಆಯಾ ವರ್ಷಕ್ಕೆ ಹಂಚಿ ನೋಡಿ, ಹೆಚ್ಚಾಗಿ ಬಿದ್ದ ತೆರಿಗೆಯನ್ನು ಬಿಟ್ಟುಕೊಡುವ ವ್ಯವಸ್ಥೆ ಅದು; ಅದಕ್ಕೆ ರಿಟರ್ನ್‌ಗಿಂತ ಮೊದಲು 10ಇ ನಮೂನೆ ಸಲ್ಲಿಸಬೇಕಿತ್ತು. 2026ರ ಏಪ್ರಿಲ್ 1ರಿಂದ ಜಾರಿಯಾದ 2025ರ ಆದಾಯ ತೆರಿಗೆ ಕಾಯ್ದೆಯಲ್ಲಿ ಸೆಕ್ಷನ್ ಸಂಖ್ಯೆಗಳು ಬದಲಾಗಿವೆ. ಅಮೆರಿಕದಲ್ಲಿ ಸಾಮಾನ್ಯರಿಗಿದ್ದ ಸರಾಸರಿ ಲೆಕ್ಕದ ಸೌಲಭ್ಯವನ್ನು 1986ರಲ್ಲೇ ತೆಗೆದುಹಾಕಿದರು.

ಹಣ ಕೊಡುವವರ ಕಡೆಯ ನಿಯಮಗಳು ಚಿಕ್ಕವು, ಆದರೆ ರಾಜಿಯ ಮಾತುಕತೆಯನ್ನೇ ಬದಲಿಸಬಲ್ಲವು. ಭಾರತದಲ್ಲಿ ಸೆಬಿ ಕಾಯ್ದೆ, ಸ್ಪರ್ಧಾ ಕಾಯ್ದೆ ಮುಂತಾದ ನಾಲ್ಕು ಕಾನೂನುಗಳಡಿ ಪ್ರಕರಣ ಮುಗಿಸಿಕೊಳ್ಳಲು ಕಟ್ಟಿದ ರಾಜಿ ಹಣವನ್ನು ವ್ಯಾಪಾರದ ಖರ್ಚೆಂದು ತೋರಿಸುವಂತಿಲ್ಲ. 2024ರ ತಿದ್ದುಪಡಿಯ ಮೇಲೆ 2025ರ ಏಪ್ರಿಲ್‌ನಲ್ಲಿ ಅಧಿಸೂಚನೆ ಬಂತು. ಅಮೆರಿಕದಲ್ಲಿ ಸರ್ಕಾರಕ್ಕೆ ಕಟ್ಟಿದ ದಂಡಕ್ಕೆ ಕಡಿತವಿಲ್ಲ, ಹಾನಿ ಸರಿಪಡಿಸಲು ಕೊಟ್ಟದ್ದೆಂದು ರಾಜಿಪತ್ರದಲ್ಲೇ ಗುರುತಿಸಿದ್ದರೆ ಉಂಟು. ಲೈಂಗಿಕ ಕಿರುಕುಳದ ಪ್ರಕರಣದಲ್ಲಿ ಬಾಯಿ ಬಿಡಬಾರದು ಎಂಬ ಷರತ್ತು ಹಾಕಿ ರಾಜಿ ಮಾಡಿಕೊಂಡರೆ, ಕೊಟ್ಟ ಹಣವನ್ನೂ ವಕೀಲರ ಫೀಸನ್ನೂ ಕಂಪನಿ ಕಳೆಯುವಂತಿಲ್ಲ ಎಂಬುದು 2017ರ ಕೊನೆಯಿಂದ ಅಲ್ಲಿನ ನಿಯಮ.

ಆದ್ದರಿಂದ ಸಹಿ ಹಾಕುವ ಮೊದಲು ವಕೀಲರ ಪಕ್ಕದಲ್ಲಿ ತೆರಿಗೆ ಬಲ್ಲವರೊಬ್ಬರು ಕೂರಬೇಕು. ‘ಎಲ್ಲ ಬೇಡಿಕೆಗಳ ಪೂರ್ಣ ತೀರುವಳಿಗೆ ಇಷ್ಟು’ ಎಂದು ಒಂದೇ ಮೊತ್ತ ಬರೆದರೆ, ಅದನ್ನು ಬಿಡಿಸಿ ಹಂಚುವ ಅಧಿಕಾರವನ್ನು ತೆರಿಗೆ ಅಧಿಕಾರಿಗೆ ಒಪ್ಪಿಸಿದಂತೆ. ಸಂಬಳದ ಬಾಕಿ ಇಷ್ಟು, ದೇಹದ ಗಾಯಕ್ಕೆ ಇಷ್ಟು, ಆಸ್ತಿಯ ಹಾನಿಗೆ ಇಷ್ಟು, ಬಡ್ಡಿ ಇಷ್ಟು ಎಂದು ಎರಡೂ ಕಡೆಯವರು ನಿಜವಾಗಿ ಚೌಕಾಸಿ ಮಾಡಿ ಬರೆದಿದ್ದರೆ, ದಾವೆಯ ಮೂಲ ಅರ್ಜಿಗೂ ಅದು ಹೊಂದುತ್ತಿದ್ದರೆ, ನ್ಯಾಯಾಲಯಗಳು ಸಾಮಾನ್ಯವಾಗಿ ಅದನ್ನು ಮನ್ನಿಸುತ್ತವೆ. ಅರ್ಜಿಯಲ್ಲಿ ಗಾಯದ ಸುದ್ದಿಯೇ ಇಲ್ಲದೆ ರಾಜಿಪತ್ರದಲ್ಲಿ ಮಾತ್ರ ಎಲ್ಲವೂ ಗಾಯಕ್ಕೆಂದು ಬರೆದರೆ ಅದು ನಿಲ್ಲುವುದಿಲ್ಲ. ಆಸ್ಪತ್ರೆಯ ಕಾಗದ, ಸಂಬಳದ ಚೀಟಿ, ಆಸ್ತಿಯ ಖರೀದಿ ಪತ್ರ ಇವೆಲ್ಲ ದಾವೆ ಮುಗಿದ ಮೇಲೂ ಕೈಯಲ್ಲಿರಬೇಕು. ಅಮೆರಿಕದಲ್ಲಿ ದೇಹದ ಗಾಯದ ಪರಿಹಾರವನ್ನು ಕಂತುಗಳಲ್ಲಿ ಪಡೆಯುವ ವ್ಯವಸ್ಥೆ ಮಾಡಿಕೊಂಡರೆ, ಕಂತುಗಳೊಳಗೆ ಬೆಳೆದ ಹಣಕ್ಕೂ ತೆರಿಗೆಯಿಲ್ಲ. ಒಟ್ಟು ಹಣ ತೆಗೆದುಕೊಂಡು ತಾವೇ ಹೂಡಿದರೆ ಆ ಹೂಡಿಕೆಯ ಆದಾಯಕ್ಕೆ ತೆರಿಗೆ ಉಂಟು. ಈ ಆಯ್ಕೆಯೂ ಹಣ ಕೈಗೆ ಬರುವ ಮೊದಲಷ್ಟೇ ಇರುತ್ತದೆ.

ನಷ್ಟಕ್ಕೆ ಬಂದ ಹಣಕ್ಕೆ ತೆರಿಗೆ ಹಾಕುವುದು ಸರಿಯಲ್ಲ ಎಂಬ ಅರಿವು ಶಾಸನ ಮಾಡುವವರಿಗೂ ಇದೆ. ಅದು ಹೊರಬರುವುದು ದೊಡ್ಡ ದುರಂತವಾದಾಗ ಮಾತ್ರ. ಭೋಪಾಲ್ ಅನಿಲ ದುರಂತದ ಸಂತ್ರಸ್ತರಿಗೆ 1985ರ ಕಾಯ್ದೆಯಡಿ ಸಿಕ್ಕ ಹಣಕ್ಕೆ ಭಾರತ ಪ್ರತ್ಯೇಕ ವಿನಾಯಿತಿ ಕೊಟ್ಟಿತು. ತಪ್ಪಾಗಿ ಜೈಲಿಗೆ ಹೋದವರ ಪರಿಹಾರಕ್ಕೆ ಅಮೆರಿಕ 2015ರಲ್ಲಿ, ಕಾಳ್ಗಿಚ್ಚಿನಲ್ಲಿ ಮನೆ ಕಳೆದುಕೊಂಡವರಿಗೂ ಒಹಾಯೊ ರಾಜ್ಯದ ಈಸ್ಟ್ ಪ್ಯಾಲೆಸ್ಟೀನ್ ಊರಿನ ರೈಲು ಅವಘಡದ ಸಂತ್ರಸ್ತರಿಗೂ 2024ರ ಡಿಸೆಂಬರ್‌ನಲ್ಲಿ ವಿನಾಯಿತಿ ಕೊಟ್ಟಿತು. ಒಂಟಿಯಾಗಿ ಒಬ್ಬ ಮಾಲೀಕನ ವಿರುದ್ಧ ಹೋರಾಡಿದವರಿಗೆ ಅಂಥ ಬಲವಿಲ್ಲ. ನಾಗರಿಕ ಹಕ್ಕುಗಳ ತೆರಿಗೆ ಪರಿಹಾರ ಮಸೂದೆ ಎಂಬ ಹೆಸರಿನಲ್ಲಿ ಅಮೆರಿಕದ ಸಂಸತ್ತಿನಲ್ಲಿ ಹಲವು ಬಾರಿ ಮಂಡನೆಯಾದ ಪ್ರಸ್ತಾವದಲ್ಲಿ ಮೂರು ಬೇಡಿಕೆಗಳಿದ್ದವು: ವಕೀಲರ ಫೀಸಿಗೆ ಕಡಿತ, ಸಂಬಳದ ಬಾಕಿಯನ್ನು ವರ್ಷಗಳಿಗೆ ಹಂಚುವ ಲೆಕ್ಕ, ಮಾನಸಿಕ ಯಾತನೆಯ ಪರಿಹಾರಕ್ಕೆ ವಿನಾಯಿತಿ. ಮೊದಲನೆಯದು 2004ರಲ್ಲಿ ಕಾನೂನಾಯಿತು. ಉಳಿದೆರಡು ಮಸೂದೆಯಲ್ಲೇ ಉಳಿದಿವೆ.